ಸುಗಲಾ ಮಿಸ್

“ನಡುವ ಬಾಯಿ ಹಾಕು ಅಂತ ನಿನಗ ಯಾರು ಹೇಳಿದ್ರು? ಕಸಾ ಹೊಡೀಲಿಕ್ಕೆ ಇಟ್ಕೊಂಡೀನಿ ನಿನ್ನ, ಪಾಠಾ ಹೇಳ್ಲಿಕ್ಕಲ್ಲ!”

“ಇದ್ದದ್ದು ಹೇಳೀನ್ರಿ ಅಕ್ಕೋರ. ಸುಳ್ಳು ಹೇಳಿದ್ರ ಚಪ್ಪಲಿ ತಗೊಂಡು ಹೊಡೀರಿ.”

“ಹಾಲು ಕುಡಿಯೋ ಮಗ್ ತೋರಿಸಿ, ಇದರಾಗ ಕುಂಡಿ ತೊಳ್ಕೋತಾರ ಅಂತ ಮಕ್ಕಳ ಮುಂದ ಒದರೋದು ಇದ್ದದ್ದೇನು?”

“ಮತ್ತ ಅಲ್ಲೇನ್ರಿ? ನಿಮ್ಮ ಮನಿ ಬಚ್ಚಲದಾಗ ಬಕೀಟಿನ ಮ್ಯಾಲ ಜೋತು ಬಿದ್ದಿರತೈತಲ್ಲ, ಅದಕ್ಕ ಏನಂತೀರಿ ಮತ್ತ? ಹಾಲಿನ ಗಿಂಡಿ ಅಂತೀರೇನು?”

ನಳಿನಿ ಮೇಡಂ ಹಣೆ ಚಚ್ಚಿಕೊಂಡರು. ಹಿಂದಿನ ದಿನ ಆದದ್ದು ಇಷ್ಟೆ. ಹೈದರಾಬಾದಿನ ಕುಷಾಯಿಗೂಡದ ಅವರ ಪ್ಲೇ ಸ್ಕೂಲಿನಲ್ಲಿ ತೇಜಸ್ವಿನಿ ಮಿಸ್ ಒಂದು ಚಿತ್ರದ ಕಾರ್ಡನ್ನು ಎತ್ತಿ ಹಿಡಿದು, ‘ಮಗ್, ಮಗ್’ ಎಂದು ಮಕ್ಕಳ ಕೈಲಿ ಹೇಳಿಸುತ್ತಿದ್ದಳು. ಚಿತ್ರದ ಮಗ್ಗಿನ ತುಂಬ ಹಾಲು. ನೆಲ ಒರೆಸುತ್ತಿದ್ದ ಆಯಾ ಸುಗಲಮ್ಮ ಅದನ್ನು ನೋಡಿ ಒರೆಸುವುದು ಬಿಟ್ಟು ಎದ್ದು ಬಂದಳು. ಅವಳು ಬಲ್ಲ ಮಗ್ ಒಂದೇ, ಬಚ್ಚಲಿನದು. ತಡೆಯಲಾರದೆ ತನ್ನ ಹರಕು ತೆಲುಗಿನಲ್ಲಿ ಅದರ ಉಪಯೋಗವನ್ನು ಮಕ್ಕಳಿಗೆ ತಿಳಿಸಿ ಹೇಳಿದಳು. ಅಭಿನಯ ಮಾಡಿಯೂ ತೋರಿಸಿದಳು. ಮಕ್ಕಳಿಗೆ ತೇಜಸ್ವಿನಿ ಕಲಿಸಿದ್ದಕ್ಕಿಂತ ಇದೇ ಚೆನ್ನಾಗಿ ಹತ್ತಿತು. ಸಂಜೆ ಮನೆಮನೆಯಲ್ಲೂ ಹಾಲಿನ ಮಗ್ ಕಂಡರೆ ಮಕ್ಕಳು ‘ಛೀ’ ಎಂದು ಮುಖ ತಿರುಗಿಸಿದವು. ತಾಯಂದಿರ ಫೋನು ಶುರುವಾದವು.

“ಗೊತ್ತಿಲ್ಲಂದ್ರ ಬಾಯಿ ಮುಚ್ಕೊಂಡಿರು,” ಎಂದರು ನಳಿನಿ.

“ಗೊತ್ತಿಲ್ಲಂದ್ರ ಕಲಸ್ರಿ! ದಿನಾ ಆ ಕಾರ್ಡಿನ ಡಬ್ಬಿ ನಾನ ತೆಗೆದು ಕೊಡತೀನಿ, ನಾನ ಒಳಗ ಇಡತೀನಿ. ಒಳಗ ಏನೇನೈತಿ ಅಂತ ಒಬ್ಬರರ ಹೇಳೀರೇನು ನನಗ?”

ನಳಿನಿ ನಕ್ಕರು. ಸಿಟ್ಟಿನಲ್ಲಿ ಬರುವ ನಗು ಅದು. “ಕಲೀ ಅಂತೀನಿ, ಕಲೀ. ಡಬ್ಬಿಯೊಳಗಿನ ಎಲ್ಲಾ ಕಾರ್ಡು ಕಲ್ತು ಬಾ. ನಿನ್ನನ್ನ ಮಿಸ್ ಮಾಡ್ತೀನಿ. ಸಾಕೇನು?”

ಬಾಗಿಲಲ್ಲಿ ನಿಂತಿದ್ದ ತೇಜಸ್ವಿನಿ ಕಿಸಕ್ಕನೆ ನಕ್ಕಳು. ಸುಗಲಮ್ಮ ನಗಲಿಲ್ಲ.

“ಮಾತು ಮಾತ ನೋಡ್ರಿ ಅಕ್ಕೋರ,” ಎಂದು ಬಕೀಟು ಎತ್ತಿಕೊಂಡು ಹೋದಳು.

ಆ ‘ಅಕ್ಕೋರು’ ಎನ್ನುವ ಮಾತು ಅವಳಿಗೆ ಸುಮ್ಮನೆ ಬಂದದ್ದಲ್ಲ. ದೇವದುರ್ಗದ ಕಡೆಯ ಅವಳ ಹಳ್ಳಿಯಲ್ಲಿ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಅವಳ ಕಾಲದಲ್ಲಿ ಶಿವದೇವಿ ಅಕ್ಕೋರು ಇದ್ದರು. ಕೊಡೆ ಹಿಡಿದುಕೊಂಡು ಅವರು ಬೀದಿಯಲ್ಲಿ ಬಂದರೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ ಗಂಡಸರು ಬೀಡಿ ಮರೆಮಾಡುತ್ತಿದ್ದರು. ದೇವರು ಬಂದು ಏನು ಬೇಕೆಂದರೆ ತನ್ನನ್ನೂ ಅಕ್ಕೋರು ಮಾಡು ಎಂದೇ ಕೇಳಬೇಕೆಂದು ಹುಡುಗಿ ಸುಗಲಮ್ಮ ನಿರ್ಧಾರ ಮಾಡಿದ್ದಳು. ದೇವರು ಬರಲಿಲ್ಲ. ಏಳನೆಯ ಇಯತ್ತೆ ಮುಗಿಯಿತು, ಹೈಸ್ಕೂಲು ಇದ್ದ ಊರಿಗೆ ಹೆಣ್ಣುಹುಡುಗಿಯನ್ನು ಕಳಿಸುವ ಪದ್ಧತಿ ಮನೆಯಲ್ಲಿ ಇರಲಿಲ್ಲ. ಸುಬ್ಬಣ್ಣನನ್ನು ಮದುವೆಯಾಗಿ ಅವನ ಬೆನ್ನಹಿಂದೆ ಹೈದರಾಬಾದಿಗೆ ಬಂದಳು. ಅವನು ಇಲ್ಲಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗುತ್ತಿಗೆ ಆಳು. ಇವಳು ಯಾರ ಯಾರದೋ ಮನೆಯ ಭಾಂಡೆ ತಿಕ್ಕಿ, ಕಡೆಗೆ ಈ ಶಾಲೆಯ ಕಸಬರಿಗೆ ಹಿಡಿದಳು. ಮಿಸ್ ಎಂದರೆ ಅಕ್ಕೋರು. ಆ ಹೆಸರು ಈಗ ಬಾಯಿ ತಪ್ಪಿಯಾದರೂ ಒಬ್ಬರ ಬಾಯಿಂದ ಬಿದ್ದಿತ್ತು. ಬಿದ್ದದ್ದನ್ನು ಎತ್ತಿಕೊಳ್ಳದಿದ್ದರೆ ಅವಳು ಸುಗಲಮ್ಮ ಹೇಗಾದಾಳು?

ಸುಬ್ಬಣ್ಣ ಕೋಠಿಯ ಪೇಟೆಗೆ ಹೋಗಿ, ಫುಟ್‌ಪಾತಿನ ಅಂಗಡಿಯಿಂದ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ತಂದ. ಸುಗಲಮ್ಮ ಕನ್ನಡಕ ಏರಿಸಿಕೊಂಡು ಹಾಳೆ ತಿರುವಿದಳು.

“ಇದೇನು, ಮೈತುಂಬ ಕೂದಲ ಇರೋ ಎಮ್ಮಿ?”

ಸುಬ್ಬಣ್ಣ ಅಂಗಡಿಯವನನ್ನು ಕೇಳಿಕೊಂಡೇ ಬಂದಿದ್ದ. “ಅದು ಯಾಕ್.”

“ಯಾಕಂತ ನಾನೂ ಅದನ್ನ ಕೇಳಾಕತ್ತೀನಿ. ಮತ್ತ ಇದು? ಬರ್ಫಿನ ಗುಡಸಲಾ?”

“ಇಗ್ಲೂ ಅಂತ. ತಂಪಿರತೈತಿ. ಈ ಹೈದರಾಬಾದ್ ಬಿಸಿಲಿಗೆ ಒಂದು ಕಟ್ಟಿಸೂಣ ತಗೋ.”

“ನಿನ್ನ ತಲಿ! ಎಮ್ಮಿ, ಗುಡಸಲಾ ಕಲಿತು ಏನ್ ಮಾಡ್ಲಿ? ದಿನಾ ಕೈಗೆ ಸಿಗೋ ಸಾಮಾನಿನ ಹೆಸರು ಬೇಕು ನನಗ. ಕಸಬರಿಗಿ ಎಲ್ಲೈತಿ ಇದರಾಗ? ಚಾಪಿ ಎಲ್ಲೈತಿ?”

ಪುಸ್ತಕ ಗೋಡೆಗೆ ಬಡಿಯಿತು. ಮರುದಿನದಿಂದ ಅವಳು ತನ್ನದೇ ದಾರಿ ಹಿಡಿದಳು. ಕಿರಾಣಿ ಅಂಗಡಿಯಲ್ಲಿ ನಿಂತು ಒಂದೊಂದು ಸಾಮಾನಿಗೂ ಬೆರಳು ತೋರಿಸಿ, “ಇಂಗ್ಲೀಷ್‌ಲೋ ಏಮಂಟಾರು?” ಎಂದು ತೆಲುಗಿನಲ್ಲಿ ಅದರ ಇಂಗ್ಲಿಷ್ ಹೆಸರು ಕೇಳಿದಳು. ಹಿಂದೆ ನಿಂತವರು ಗೊಣಗಿದರೆ ಅವರನ್ನೂ ಕೇಳಿದಳು. ಮೆಡಿಕಲ್ ಅಂಗಡಿಯವನು ‘ಕಾಟನ್’ ಹೇಳಿಕೊಟ್ಟ. ಮೇಲಿನ ಮನೆಯ ಹುಡುಗಿ ‘ಪಿಲ್ಲೊ’, ‘ಬ್ಲ್ಯಾಂಕೆಟ್’ ಹೇಳಿಕೊಟ್ಟಳು. ಶಾಲೆಯಲ್ಲಿ ಮಕ್ಕಳು ಹೋದ ಮೇಲೆ ಡಬ್ಬಿ ತೆಗೆದು ಕಾರ್ಡು ಹರಡಿಕೊಂಡು, ಸಾಮಾನಿನ ಪಕ್ಕದಲ್ಲಿ ಸಾಮಾನಿನ ಚಿತ್ರ ಇಟ್ಟು ನೋಡುವಳು. ಶಿವದೇವಿ ಅಕ್ಕೋರು ಕಲಿಸಿದ್ದು ಒಂದೇ ವಿದ್ಯೆ, ಮಗ್ಗಿ ಒದರುವುದು. ಭಾಂಡೆ ತಿಕ್ಕುತ್ತ, ಹಿಟ್ಟು ನಾದುತ್ತ ಅದೇ ಧಾಟಿಯಲ್ಲಿ ಒದರಿದಳು: ಸ್ಪೂನು ಪ್ಲೇಟು ಬೌಲು ಗ್ಲಾಸು, ಡೋರು ಫ್ಲೋರು ವಾಲು ವಿಂಡೋ. ವಠಾರದವರು ಸುಗಲಮ್ಮನ ಮೈಮೇಲೆ ಏನೋ ಬಂದಿದೆ ಎಂದುಕೊಂಡರು.

ಹೆಸರಿನ ಜೊತೆಗೆ ಅದು ಇರುವ ಬಗೆಯೂ ತಿಳಿಯಬೇಕಲ್ಲ. ಒಂದು ಸಂಜೆ ಗಂಡನಿಗೆ ಹೇಳಿದಳು: “ಕೇಳಿಲ್ಲಿ. ಒಂದು ಅರಿವಿ ಹೊಸಾದಿದ್ದಾಗ ಟವೆಲು. ಸಣ್ಣಾಗಿ ಕತ್ತರಿಸಿದ್ರ ನ್ಯಾಪ್ಕಿನ್ನು. ಹರದು ಹ್ವಾದ್ರ ಡಸ್ಟರು. ಅರಿವಿ ಅದ, ಹರದಂಗೆಲ್ಲಾ ಹೆಸರು ಬ್ಯಾರೆ.”

“ಹಂಗಾರ ನಾನು ಈಗ ಯಾವುದು?”

“ನೀ ಡಸ್ಟರು ಆಗಿ ಭಾಳ ದಿನ ಆತು.”

ಡಬ್ಬಿಯಲ್ಲಿ ಮನುಷ್ಯರ ಕಾರ್ಡುಗಳೂ ಇದ್ದವು. ಡಾಕ್ಟರ್, ಪೊಲೀಸ್, ಟೀಚರ್. ಟೀಚರ್ ಎಂದರೆ ಕನ್ನಡಕದ ಬೆಳ್ಳನೆಯ ಹೆಂಗಸು, ಕೈಯಲ್ಲಿ ಕೋಲು. ಮೇಡ್ ಎಂದರೆ ಕಸಬರಿಗೆ ಹಿಡಿದು ಬಗ್ಗಿದ ಹೆಂಗಸು. ಅದರ ಮುಖ ಬರೆಯುವುದನ್ನು ಚಿತ್ರದವನು ಮರೆತಿದ್ದ. ಸುಗಲಮ್ಮ ಆ ಕಾರ್ಡನ್ನು ಮಾತ್ರ ಬೋರಲು ಹಾಕಿ ಇಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ನಳಿನಿ ಮೇಡಂ ಎದುರಿಗೆ ಡಬ್ಬಿ ತಂದು ಕುಕ್ಕಿದಳು.

“ಹಿಡೀರಿ.”

ನಳಿನಿ ತಾವು ಆಡಿದ ಮಾತನ್ನು ಮರೆತೇಬಿಟ್ಟಿದ್ದರು. ತಮಾಷೆಗೆಂದು ಒಂದು ಕಾರ್ಡು ಎತ್ತಿದರು. ‘ಸ್ಪೂನು!’ ಇನ್ನೊಂದು. ‘ಅಂಬ್ರೆಲ್ಲಾ!’ ಮತ್ತೊಂದು. ‘ಸಿಸರು!’ ಡಬ್ಬಿ ಅರ್ಧವಾಗುವ ಹೊತ್ತಿಗೆ ಅವರು ತಮಾಷೆ ಬಿಟ್ಟು ನೆಟ್ಟಗೆ ಕೂತಿದ್ದರು.

“ಸ್ಪೂನು ಅಲ್ಲ, ಸ್ಪೂನ್. ಎಲ್ಲದಕ್ಕೂ ಬಾಲಾ ಹಚ್ಚಬ್ಯಾಡ.”

“ಬಾಲಾ ಕತ್ತರಸಬೇಕೇನ್ರಿ? ಕತ್ತರಸತೀನಿ ತಗೋರಿ. ಮುಂದಿಂದು ಹಿಡೀರಿ.”

ಅದೇ ವಾರ ತೇಜಸ್ವಿನಿ ಉಪ್ಪಲ್ಲಿನ ಯಾವುದೋ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಬಿಟ್ಟುಹೋದಳು. ಬೇರೆ ಮಿಸ್ ಸಿಗಲಿಲ್ಲ. ನಳಿನಿ ಮೇಡಂ ಕೆಟ್ಟವರಲ್ಲ, ಆಡಿದ ಮಾತು ಉಳಿಸಿಕೊಂಡರು. ಕೆನೆಬಣ್ಣದ ಸೀರೆ ಬಂತು, ಎದೆಯ ಮೇಲೆ ಹೆಸರಿನ ಪಟ್ಟಿ ಬಂತು. ಮಕ್ಕಳು ‘ಸುಗಲಾ ಮಿಸ್’ ಎಂದು ಕೂಗಿದರೆ ಅವಳು ಬೇಕೆಂತಲೇ ಮೊದಲನೆಯ ಸಲ ಕೇಳಿಸದವಳ ಹಾಗೆ ಇರುತ್ತಿದ್ದಳು. ಎರಡನೆಯ ಸಲ ಕೂಗಲಿ ಎಂದು.

“ಮಿಸ್ಸೋರ, ಒಂದು ಕಪ್ ಚಾ ಸಿಗತೈತೇನ್ರಿ?” ಎಂದ ಸುಬ್ಬಣ್ಣ.

“ಚಾಪುಡಿ ಕಬೋರ್ಡಿನಾಗ ಐತಿ. ನಿನಗ ದೇವರು ಎರಡು ಹ್ಯಾಂಡು ಕೊಟ್ಟಾನ,” ಎಂದಳು.

ಹೊಸ ವರ್ಷ ಬಂದಾಗ ನಳಿನಿ ಒಂದು ಹೊಸ ನಿಯಮ ತಂದರು. ಮಕ್ಕಳ ನೀರಿನ ಬಾಟಲಿ, ಬಿಸ್ಕೀಟು, ಆಟಿಕೆ ಎಲ್ಲ ಎತ್ತರದ ಹಲಗೆಯ ಮೇಲೆ. ಮಗು ಬೆರಳು ತೋರಿಸಿದರೆ ಕೊಡಬಾರದು, ತೆಲುಗಿನಲ್ಲಿ ಹಿಂದಿಯಲ್ಲಿ ಕೇಳಿದರೂ ಕೊಡಬಾರದು. ಇಂಗ್ಲಿಷಿನ ಹೆಸರು ಹೇಳಿದರೆ ತಕ್ಷಣ ಕೊಡಬೇಕು. ತಂದೆತಾಯಿಗಳಿಗೆ ಇದು ಭಾಳ ಹಿಡಿಸಿತು. ಸುಗಲಮ್ಮನಿಗೂ ಹಿಡಿಸಿತು, ಸುಳ್ಳೇಕೆ ಹೇಳಬೇಕು? ತಾನು ಒದರಿ ಒದರಿ ಕಲಿತ ಹೆಸರುಗಳು ಈಗ ಬರೀ ಹೆಸರಾಗಿ ಉಳಿಯಲಿಲ್ಲ, ಹೇಳಿದ ಕೂಡಲೇ ಸಾಮಾನು ಕೈಗೆ ಬರುತ್ತಿತ್ತು. ‘ವಾಟರ್!’ ಅಂದಿತೋ, ಬಾಟಲಿ. ‘ಬಾಲ್!’ ಅಂದಿತೋ, ಚೆಂಡು. ಮಕ್ಕಳಿಗೂ ಅದೊಂದು ಆಟವಾಯಿತು.

ಆಮೇಲೆ ನಿರೀಕ್ಷಾ ಬಂದಳು.

ಮೂರರ ಹತ್ತಿರದ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಅಜ್ಜಿ ಸಾವಿತ್ರಿಬಾಯಿ, ಕನ್ನಡದವರೇ, ಕರೆತಂದು ಬಿಡುತ್ತಿದ್ದರು. ಮಗು ಇನ್ನೂ ಮಾತಾಡುತ್ತಿರಲಿಲ್ಲ. ಇಂಗ್ಲಿಷ್ ಬಿಡಿ, ಯಾವ ಭಾಷೆಯದೂ ಒಂದು ಮಾತಿಲ್ಲ. ಕಿವಿ ಚೆನ್ನಾಗಿತ್ತು, ಎಲ್ಲ ತಿಳಿಯುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಡಾಕ್ಟರು ‘ಕಾಯಿರಿ’ ಎಂದಿದ್ದರಂತೆ. ಕಾಯುವುದು ಸಾವಿತ್ರಿಬಾಯಿಗೆ ಸಾಕಾಗಿತ್ತು.

ಮೊದಲ ದಿನ ನಿರೀಕ್ಷಾ ಹಲಗೆಯ ಕೆಳಗೆ ಬಂದು ನಿಂತು, ಹೆಬ್ಬೆರಳನ್ನು ತುಟಿಗೆ ತಾಗಿಸಿ ತೋರಿಸಿದಳು. ಸುಗಲಮ್ಮ ಬಾಟಲಿ ಎತ್ತಿ ಹಿಡಿದು, “ವಾಟರ್. ಹೇಳು, ವಾಟರ್,” ಎಂದಳು. ಮಗು ಬಾಟಲಿಯನ್ನು ನೋಡಿತು, ಇವಳ ಮುಖ ನೋಡಿತು, ಉಗುಳು ನುಂಗಿತು, ಹೋಗಿ ಮೂಲೆಯಲ್ಲಿ ಕೂತಿತು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಸುಗಲಮ್ಮ ಅತ್ತ ಇತ್ತ ನೋಡಿ, ಆ ಮೂಲೆಗೇ ಹೋಗಿ ಕುಡಿಸಿ ಬಂದಳು.

ಗೋಡೆಯ ಮೇಲೆ ಕ್ಯಾಮೆರಾ ಇತ್ತು. ಮಧ್ಯಾಹ್ನ ನಳಿನಿ ಒಳಗೆ ಕರೆದರು.

“ಹೀಂಗ ಕೊಟ್ರ ಆ ಕೂಸು ಎಂದ ಮಾತಾಡಬೇಕು, ಹೇಳು? ಬೇಕು ಅನ್ನಿಸ್ಬೇಕು ಅದಕ್ಕ. ಅಂದ್ರನ ಬಾಯಿ ತೆರೀತದ.”

“ನೀರಿನಾಗ ಬ್ಯಾಡ್ರಿ ಅಕ್ಕೋರ. ಆಟಿಕಿ ಬೇಕಾರ ಮ್ಯಾಲಿಡ್ರಿ, ಬಿಸ್ಕೀಟ್ ಇಡ್ರಿ. ನೀರು ಬ್ಯಾಡ.”

“ನಿನಗ ಗೊತ್ತಿಲ್ಲ ಸುಗಲಾ. ನಾನು ಕನ್ನಡ ಸಾಲಿ ಕಲ್ತು ಧಾರವಾಡದಿಂದ ಇಲ್ಲಿಗೆ ಸೊಸಿಯಾಗಿ ಬಂದಾಕಿ. ಇವರ ಮನಿಯೊಳಗ ಎಲ್ಲಾರೂ ದೊಡ್ಡ ದೊಡ್ಡ ಸರಕಾರಿ ಹುದ್ದೆದಾಗ ಇದ್ದವರು. ಊಟಕ್ಕ ಕೂತಾಗ ಉಪ್ಪು ಬೇಕಂದ್ರ ‘ಸಾಲ್ಟ್’ ಅಂತ ಬರಲಿಲ್ಲಂತ ಉಪ್ಪಿಲ್ಲದ ಊಟ ಮಾಡಿ ಎದ್ದೀನಿ ನಾನು. ಹಂಗನ ಕಲ್ತೆ. ಈಗ ಸ್ಕೂಲು ನಡಸ್ತೀನಿ.”

ಸುಗಲಮ್ಮನಿಗೆ ಆ ಕಥೆ ಕೇಳಿ ಅಯ್ಯೋ ಪಾಪ ಎನಿಸಿತು. ಆದರೆ ಉಪ್ಪಿಲ್ಲದ ಊಟ ಉಣಿಸಿದವರ ಮೇಲೆ ಈಕೆಗೆ ಸಿಟ್ಟು ಬರುವುದು ಬಿಟ್ಟು, ಅವರ ಪಾಠ ಹಿಡಿಸಿತೇ ಎಂದು ಸೋಜಿಗವೂ ಆಯಿತು. ಹೊರಗೆ ಬಂದಳು. ಪಟ್ಟಿ ಎದೆಯ ಮೇಲಿತ್ತು. ಅದನ್ನು ನೆಟ್ಟಗೆ ಮಾಡಿಕೊಂಡು ಮಕ್ಕಳ ಹತ್ತಿರ ಹೋದಳು. ಆಮೇಲೆ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು, ಸೀರೆಯ ಸೆರಗಿನ ಮರೆಯಲ್ಲಿ ಕುಡಿಸತೊಡಗಿದಳು. ಅಷ್ಟು ದಿನ ಅವಳು ಯಾರಿಗೂ ಹೆದರಿ ಸೆರಗು ಮುಚ್ಚಿದವಳಲ್ಲ. ಇದು ಅವಳಿಗೆ ಮುಳ್ಳು ಮುರಿದಂತೆ ಒಳಗೇ ಚುಚ್ಚುತ್ತಿತ್ತು.

ಬೇಸಿಗೆ ರಜೆಗೆ ಮುಂಚೆ ತಂದೆತಾಯಿಗಳನ್ನು ಕರೆಯಿಸಿ ಮಕ್ಕಳ ವಿದ್ಯೆ ತೋರಿಸುವ ದಿನ ಬಂತು. ಹೊರಗೆ ಡಾಂಬರು ಕರಗುವ ಬಿಸಿಲು. ಒಳಗೆ ಕುರ್ಚಿ ತುಂಬಿದ್ದವು, ಫ್ಯಾನು ತಿರುಗಿದರೂ ಬಿಸಿಗಾಳಿ. ಮಕ್ಕಳು ಒಂದೊಂದಾಗಿ ಬಂದು ಹೆಸರು ಹೇಳಿ, ಸಾಮಾನು ತೆಗೆದುಕೊಂಡು, ಚಪ್ಪಾಳೆ ಹೊಡೆಸಿಕೊಂಡು ಹೋದವು. ಕೌಶಲ್ ಎಂಬ ಪುಟ್ಟ ಪೋರ ‘ಮಗ್!’ ಎಂದು ಕೂಗಿ ಹಾಲನ್ನು ಗಟಗಟ ಕುಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಸುಗಲಮ್ಮನೇ.

ಕೊನೆಗೆ ನಳಿನಿ ನಿರೀಕ್ಷಾಳನ್ನು ಮುಂದಕ್ಕೆ ಕರೆದರು. “ಈ ಮಗು ಇವತ್ತು ನಮ್ಮೆಲ್ಲರ ಮುಂದೆ ತನ್ನ ಮೊದಲ ಮಾತು ಹೇಳ್ತಾಳೆ,” ಎಂದು ಇಂಗ್ಲಿಷಿನಲ್ಲಿ ಸಾರಿದರು. ಬೆಳಗಿನಿಂದ ನೀರು ಕೊಟ್ಟಿಲ್ಲ ಎಂದು ಸುಗಲಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದರು. “ಅಜ್ಜಿಗೂ ಹೇಳೀನಿ. ಅವರೂ ಒಪ್ಯಾರ. ಕೇಳು.”

ಬಾಟಲಿ ಸುಗಲಮ್ಮನ ಕೈಯಲ್ಲಿ. ನಾಲ್ಕಾರು ಮೊಬೈಲುಗಳು ಮೇಲೆದ್ದವು. ಮಗುವಿನ ಕೆನ್ನೆ ಕೆಂಪಾಗಿತ್ತು, ತುಟಿಯ ಮೇಲೆ ಸಿಪ್ಪೆ ಎದ್ದಿತ್ತು. ಹೆಬ್ಬೆರಳು ತುಟಿಗೆ ತಾಗಿತು.

“ಕೇಳು, ಸುಗಲಾ ಮಿಸ್,” ಎಂದರು ನಳಿನಿ.

“ವಾಟರ್,” ಎಂದಳು ಸುಗಲಮ್ಮ. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು.

ಮಗು ಕಾಯಿತು. ಎಲ್ಲರೂ ಕಾದರು. ಹಿಂದಿನ ಸಾಲಿನಿಂದ ಯಾರೋ, “ಹೇಳು ಬಂಗಾರು, ಹೇಳು,” ಎಂದರು. ಅಜ್ಜಿ ಕೈಮುಗಿದುಕೊಂಡು ಕೂತಿದ್ದರು. ಮಗುವಿನ ತುಟಿ ಒಂದಿಷ್ಟು ಅಲುಗಿತು.

ಸುಗಲಮ್ಮ ಮುಚ್ಚಳ ತಿರುವಿ, ನೆಲದ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆಳೆದುಕೊಂಡು ಬಾಟಲಿಯನ್ನು ಬಾಯಿಗೆ ಹಿಡಿದಳು. ಈ ಸಲ ಸೆರಗು ಮರೆಮಾಡಲಿಲ್ಲ. ಮಗು ಎರಡೂ ಕೈಯಿಂದ ಬಾಟಲಿ ಹಿಡಿದು, ಉಸಿರು ತೆಗೆಯದೆ ಕುಡಿಯಿತು. ನೀರು ಅವಳ ಕೆನೆಬಣ್ಣದ ಸೀರೆಯ ಮೇಲೆಲ್ಲ ಸುರಿಯಿತು.

“ಸುಗಲಮ್ಮ!” ಎಂದರು ನಳಿನಿ. ಮಿಸ್ ಉದುರಿಹೋಗಿತ್ತು.

“ಬಾಯಿ ತೆರದಿತ್ತಲ್ಲs ಕೂಸು!” ಸಾವಿತ್ರಿಬಾಯಿ ಎದ್ದೇ ನಿಂತರು. “ಇನ್ನೊಂದು ಚಣಕ್ಕ ಅಂತಿತ್ತು. ನಮ್ಮ ಕೂಸಿನ ಚಲೋದಕ್ಕ ಅವರು ಮಾಡ್ಲಿಕ್ಕತ್ಯಾರ, ನಡುವ ನೀ ಯಾರವ್ವಾ?”

“ಅನ್ನುತಿತ್ತೋ ಇಲ್ಲೋ ನನಗ ಗೊತ್ತಿಲ್ರಿ ಅಜ್ಜಿ. ಅಂದಿದ್ರೂ ಕುಡಸ್ತಿದ್ದೆ, ಅನ್ನದಿದ್ರೂ ಕುಡಸ್ತಿದ್ದೆ.”

“ಆಫೀಸಿಗೆ ನಡಿ, ಮಾತಾಡೂಣು,” ಎಂದರು ನಳಿನಿ, ಮುಖದ ಮೇಲೆ ನಗು ಹಾಗೆಯೇ ಇಟ್ಟುಕೊಂಡು.

“ಇಲ್ಲೇ ಮಾತಾಡ್ರಿ. ಅಕ್ಕೋರ, ನೀವೂ ಆ ಕಡಿಯವರ. ನಮ್ಮಪ್ಪನ ಮನಿ ಬಾಗಿಲಿಗೆ ಯಾರ ಬಂದ್ರೂ ಮೊದಲು ತಂಬಗಿ ನೀರು, ಅಂಗೈಯಾಗ ಬೆಲ್ಲ. ಕುಡಿದು ಕೂತ ಮ್ಯಾಲ ಯಾವೂರು, ಏನು ಹೆಸರು ಅಂತ ಕೇಳೋದು. ಕುಡಿಯೂಕಿಂತ ಮೊದಲ ಹೆಸರು ಕೇಳಿದ್ರ ನಮ್ಮಪ್ಪ ಕಣ್ಣು ಕಿಸಿತಿದ್ದ. ನಿಮ್ಮ ತವರಮನ್ಯಾಗ ಹೆಸರು ಹೇಳಿಸಿ ನೀರು ಕೊಡ್ತಿದ್ರೇನು?”

“ಇದು ಮನಿ ಅಲ್ಲ, ಸ್ಕೂಲು.”

“ಸ್ಕೂಲಿನಾಗ ಗಂಟಲ ಒಣಗಂಗಿಲ್ಲೇನ್ರಿ?”

ಮೊಬೈಲು ಹಿಡಿದ, ಕನ್ನಡ ಬಲ್ಲ ಒಬ್ಬ ತಂದೆ ನಕ್ಕ, ಆಮೇಲೆ ನಗಬಾರದಿತ್ತೆಂದು ಮೊಬೈಲು ಕೆಳಗಿಳಿಸಿದ. ಉಳಿದವರಿಗೆ ಆಯಮ್ಮನ ಅಧಿಕಪ್ರಸಂಗ ಸಾಕಾಗಿತ್ತು. ಒಬ್ಬಾಕೆ ತೆಲುಗಿನಲ್ಲಿ, ‘ಇಂಥವರನ್ನು ತಲೆಯ ಮೇಲೆ ಕೂರಿಸಿದರೆ ಇದೇ ಗತಿ’ ಎಂದಳು. ಸುಗಲಮ್ಮನಿಗೆ ಆ ತೆಲುಗು ಪೂರಾ ತಿಳಿಯಿತು.

ನಳಿನಿಯ ನಗು ಈಗ ಅಳಿಸಿಹೋಗಿತ್ತು. “ಒಂದs ಮಾತು ಹೇಳ್ತೀನಿ. ಎಲ್ಲಾರ ಮುಂದ ಸಾರಿ ಅನ್ನು, ಬಾಟ್ಲಿ ಮ್ಯಾಲಿಡು, ಮಿಸ್ ಆಗಿ ಇರು. ಇಲ್ಲಂದ್ರ ನಾಳಿಂದ ಮತ್ತ ಕಸಬರಿಗಿ.”

ಸುಗಲಮ್ಮ ಮಗುವನ್ನು ಕೆಳಗಿಳಿಸಿದಳು. ಒಂದು ಗಳಿಗೆ ಎದೆಯ ಮೇಲಿನ ಪಟ್ಟಿಯ ಮೇಲೆ ಕೈ ಹೋಯಿತು. ಇನ್ನು ಈ ಜನ್ಮದಲ್ಲಿ ಯಾರೂ ತನ್ನನ್ನು ಆ ಹೆಸರಿನಿಂದ ಕರೆಯುವುದಿಲ್ಲ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಿತ್ತು.

“ಕಸಬರಿಗಿ ಹಿಡ್ಯಾಕ ನನಗೇನು ನಾಚಿಕಿ ಇಲ್ರಿ. ನಾಳೆ ಇನ್ನೊಂದು ಮನ್ಯಾಗ ಹಿಡೀತೀನಿ. ಈ ರೂಮಿನಾಗ ಹಿಡ್ಯಂಗಿಲ್ಲ. ಕಲ್ತ ಹೆಸರು ನನ್ನವು, ಅವನ್ನ ವಾಪಸ್ ಕೊಡಂಗಿಲ್ಲ.”

ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ ಸ್ಟೂಲು ಎಳೆದು ಹತ್ತಿ, ಹಲಗೆಯ ಮೇಲಿನ ನೀರಿನ ಬಾಟಲಿಗಳನ್ನೆಲ್ಲ ಇಳಿಸಿ, ಮಕ್ಕಳ ಕೈಗೆ ಎಟುಕುವಂತೆ ಗೋಡೆಯ ಗುಂಟ ನೆಲದ ಮೇಲೆ ಇಟ್ಟಳು. ಯಾರೂ ತಡೆಯಲಿಲ್ಲ, ಯಾರೂ ಸಹಾಯಕ್ಕೂ ಬರಲಿಲ್ಲ. ಮಕ್ಕಳು ಇದೂ ಒಂದು ಆಟವೆಂದು ತಿಳಿದು, ಹೆಸರು ಕೂಗದೆಯೇ ಓಡಿ ಬಂದು ತಮ್ಮ ತಮ್ಮ ಬಾಟಲಿ ಎತ್ತಿಕೊಂಡವು.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಒದ್ದೆ ಸೀರೆ ಕಾಲಿಗೆ ಅಂಟುತ್ತಿತ್ತು. ಗೇಟಿನ ವಾಚ್‌ಮನ್, “ಎಕ್ಕಡಿಕಿ ಮಿಸ್, ಇಂತ ಎಂಡಲೋ?” ಎಂದ, ಇಂಥ ಬಿಸಿಲಲ್ಲಿ ಎಲ್ಲಿಗೆ ಎಂದು. ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ಬಿಸಿಲಿಗಿಳಿದಳು.

ಒಳಗೆ ನಳಿನಿ ಮೇಡಂ, “ಆಕೀ ಸ್ವಭಾವನ ಹಂಗ. ಸಿಟ್ಟಿಳಿದ ಮ್ಯಾಲ ನಾಳೆ ಬರ್ತಾಳ,” ಎಂದು ಸಾವಿತ್ರಿಬಾಯಿಗೆ ಸಮಾಧಾನ ಹೇಳಿದರು.

ಸುಗಲಮ್ಮನ ಸಿಟ್ಟು ಇಳಿಯಲಿಲ್ಲ. ಅವಳು ಬರಲಿಲ್ಲ.